ನಮ್ಮೂರಲ್ಲಿ ಬರೆಯೋಕೆ ಏನಿದೆ? ಶಿಕಾರಿಪುರ ಸೀಮೆಯ ಒಂದು ಸಣ್ಣ ಊರಿನ ಕೆರೆ, ಕಲ್ಲು, ಗಡಿ

ಗದ್ದೆಬದು:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಾಳಕೊಪ್ಪದ ಕಡೆಯ ಒಂದು ಸಣ್ಣ ಊರು. ನೂರು ಚಿಲ್ಲರೆ ಮನೆ ಇರಬಹುದು. ಬಸ್ ಸ್ಟಾಪಿನ ಹತ್ತಿರ ಊರಿನ ಇತಿಹಾಸ ಬರೆದ ಒಂದು ಫಲಕ ಹಾಕಬೇಕು ಅಂತ ನಮ್ಮ ಯುವಕ ಸಂಘದವರು ಹೊರಟಿದ್ದಾರೆ. ಬರೆದುಕೊಡು ಅಂತ ನನ್ನ ತಲೆಗೆ ಕಟ್ಟಿದ್ದಾರೆ.

ತೊಂದರೆ ಏನಂದ್ರೆ, ನಮ್ಮ ಸುತ್ತ ಇರುವುದೆಲ್ಲ ದೊಡ್ಡ ಹೆಸರಿನ ಊರುಗಳು. ತಾಳಗುಂದ ಕದಂಬರದ್ದು. ಬಳ್ಳಿಗಾವಿ ಅಲ್ಲಮನದ್ದು. ಉಡುತಡಿ ಅಕ್ಕಮಹಾದೇವಿಯದ್ದು. ಆ ಕಡೆ ಬಂದಳಿಕೆ. ನಡುವೆ ಸಿಕ್ಕಿಕೊಂಡ ನಮ್ಮೂರಿಗೆ ಏನೂ ಇಲ್ಲ. ಹಿರಿಯರನ್ನು ಕೇಳಿದರೆ "ನಮ್ಮೂರಲ್ಲಿ ಏನೈತೆ ಅಂತ ಬರೀತೀಯಪ್ಪಾ" ಎಂದು ನಗುತ್ತಾರೆ. ಸಂಘದಲ್ಲಿ ಒಬ್ಬ "ಮಯೂರನ ಸೈನ್ಯ ತಂಗಿದ್ದ ಜಾಗ ಅಂತ ಹಾಕು, ಯಾರು ಕೇಳ್ತಾರೆ" ಅಂದ. ನನಗೆ ಅದು ಸರಿ ಕಾಣಲಿಲ್ಲ.

ನಮ್ಮಲ್ಲಿ ಇರುವುದನ್ನು ಹೇಳಿಬಿಡುತ್ತೇನೆ. ಒಂದು ಕೆರೆ, ಅದಕ್ಕೆ ಗದ್ದೆಗೆ ನೀರು ಬಿಡುವ ಎರಡು ಕಲ್ಲಿನ ತೂಬು, ಒಂದು ಮುಚ್ಚಿದೆ. ಕೆರೆ ಕೆಳಗಿನ ಗದ್ದೆ ಬದುವಿನಲ್ಲಿ ಅರ್ಧ ಹೂತ ಒಂದು ವೀರಗಲ್ಲು. ಒಂದು ಚೌಡಿ ಬನ. ಊರಿನ ಪಡುವಣಕ್ಕೆ ಎಲ್ಲರೂ ಹಾಳೂರು ಎನ್ನುವ ಒಂದು ದಿಬ್ಬ, ಅಲ್ಲಿ ಈಗ ಯಾರೂ ಇಲ್ಲ. ಎಲ್ಲಿಂದ ಶುರು ಮಾಡಲಿ?

ಹಳೇಮೇಷ್ಟ್ರು:
ಮಯೂರನ ಸೈನ್ಯದ ಸುದ್ದಿ ಬಿಡು ಮಾರಾಯ. ನಮ್ಮ ಸೀಮೆಯಲ್ಲಿ ಅವನ ಸೈನ್ಯ ತಂಗದ ಊರೇ ಇಲ್ಲ. ಎಲ್ಲ ಫಲಕಗಳನ್ನೂ ನಂಬಿದರೆ ಅವನಿಗೆ ಯುದ್ಧ ಮಾಡುವುದಕ್ಕೆ ಪುರುಸೊತ್ತೇ ಸಿಕ್ಕಿರಲಿಕ್ಕಿಲ್ಲ.

ಆದರೆ ತಾಳಗುಂದದ ಕಂಬವನ್ನೇ ಸ್ವಲ್ಪ ನೋಡು. ಅದರಲ್ಲಿ ಮಯೂರಶರ್ಮನ ಕಥೆ ಇದೆ ಅಂತ ಎಲ್ಲರಿಗೂ ಗೊತ್ತು. ಗುರು ವೀರಶರ್ಮನ ಜೊತೆ ಓದುವುದಕ್ಕೆ ಕಂಚಿಗೆ ಹೋಗಿದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗಿದ್ದು, ಶಾಸ್ತ್ರ ಬಿಟ್ಟು ಕತ್ತಿ ಹಿಡಿದಿದ್ದು, ಕೊನೆಗೆ ರಾಜನಾಗಿದ್ದು. ಶಾಲೆಯಲ್ಲಿ ನಾವು ಹೇಳಿಕೊಡುವುದು ಇಷ್ಟೇ. ಆ ಕಂಬ ನೆಟ್ಟಿದ್ದು ಯಾಕೆ ಅಂತ ಕೇಳಿದರೆ ಮಾತ್ರ ಹೇಳುವವರು ಕಡಿಮೆ.

ಅದನ್ನು ನೆಟ್ಟಿದ್ದು ಒಂದು ಕೆರೆಗಾಗಿ. ಕಾಕುಸ್ಥವರ್ಮ ಶಿವನ ಗುಡಿಗೆ ಅಂತ ಅಲ್ಲಿ ಕೆರೆ ಕಟ್ಟಿಸಿದ. ಅವನ ಮಗ ಶಾಂತಿವರ್ಮನ ಕಾಲದಲ್ಲಿ, 5ನೇ ಶತಮಾನದಲ್ಲಿ, ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ಪದ್ಯ ಕಟ್ಟಿ ತಾನೇ ಕಲ್ಲಿನ ಮೇಲೆ ಬರೆದ. ಕೆರೆ ಕಟ್ಟಿಸಿದವನು ಯಾರು ಅಂತ ಹೇಳಲು ಹೋಗಿ ಅವನ ಹಿರಿಯರ ಕಥೆ ಹೇಳಬೇಕಾಯಿತು. ಅಲ್ಲಿಗೆ ಕದಂಬರ ಮೂಲದ ಕಥೆ ನಮಗೆ ಸಿಕ್ಕಿತು. ಕೆರೆಯ ಲೆಕ್ಕ ಬರೆಯುವಾಗ ರಾಜವಂಶ ಬಂತೇ ಹೊರತು, ರಾಜವಂಶ ಬರೆಯುವಾಗ ಕೆರೆ ಬಂದಿದ್ದಲ್ಲ.

ನೀನು "ಏನೂ ಇಲ್ಲ" ಅಂತ ಹೇಳಿ ಮೊದಲ ಸಾಲಿನಲ್ಲೇ ಕೆರೆ ಇದೆ ಅಂದೆ ನೋಡು. ಅಲ್ಲಿಂದಲೇ ಶುರು ಮಾಡು.

ಏರಿಮೇಲೆ:
ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕೆರೆ ಹೂಳೆತ್ತುವ ಕೆಲಸದಲ್ಲಿ ಹಲವು ಊರು ಸುತ್ತಿದವನು. ನಮ್ಮ ಸೀಮೆಯಲ್ಲಿ ಕೆರೆ ನೋಡಿದರೆ ಊರು ಅರ್ಥ ಆಗುತ್ತದೆ. ಏರಿ ಎಲ್ಲಿಂದ ಎಲ್ಲಿಗೆ, ಕೋಡಿ ಯಾವ ಕಡೆ, ತೂಬಿನ ನೀರು ಯಾರ ಗದ್ದೆಗೆ ಮೊದಲು ಹೋಗುತ್ತದೆ, ಇಷ್ಟು ಗೊತ್ತಾದರೆ ಊರಿನ ಹಳೇ ಯಜಮಾನಿಕೆ ಅರ್ಧ ಗೊತ್ತಾದ ಹಾಗೆ.

ಮುಚ್ಚಿದ ತೂಬನ್ನು ಚೆನ್ನಾಗಿ ನೋಡಿ. ಹಳೇ ತೂಬಿಗೆ ಎರಡು ಕಲ್ಲಿನ ಕಂಬ ಇರುತ್ತವೆ. ಅವುಗಳ ನಡುವೆ ಅಡ್ಡ ಚಪ್ಪಡಿ, ಚಪ್ಪಡಿಯಲ್ಲಿ ತೂತು. ಆ ತೂತಿನೊಳಗೆ ಉದ್ದನೆಯ ಕೋಲು ಇಳಿಸಿ, ತುದಿಯ ಗೂಟದಿಂದ ಕೆಳಗಿನ ಬಾಯಿ ಮುಚ್ಚುತ್ತಿದ್ದರು. ಎತ್ತಿದರೆ ನೀರು, ಬಿಟ್ಟರೆ ಬಂದ್. ಇದನ್ನು ನೋಡಿಕೊಳ್ಳುವವನು ನೀರಗಂಟಿ. ಅವರ ಮನೆತನ ಇನ್ನೂ ಊರಲ್ಲಿ ಇದ್ದರೆ ಮೊದಲು ಅಲ್ಲಿಗೆ ಹೋಗಿ ಕೂತುಕೊಳ್ಳಿ. ಯಾವ ಶಾಸನದಲ್ಲೂ ಇಲ್ಲದ್ದು ಆ ಮನೆಯಲ್ಲಿ ಸಿಗುತ್ತದೆ.

ಇನ್ನೊಂದು ವಿಷಯ. ತೂಬಿನ ಕಂಬದ ಮೇಲೆ ಅಕ್ಷರ ಇರುವುದು ಅಪರೂಪ ಅಲ್ಲ. ನೀರು ಇಳಿದಾಗ ಕೆಳಗಿನ ಭಾಗ ನೋಡಬೇಕು. ಮಳೆಗಾಲದಲ್ಲಿ ಹೋಗಿ "ಏನೂ ಇಲ್ಲ" ಅಂತ ವಾಪಸ್ ಬಂದವರು ಜಾಸ್ತಿ ಜನ ಇದ್ದಾರೆ. ಮಾರ್ಚ್ ಏಪ್ರಿಲ್‌ನಲ್ಲಿ ಹೋಗಿ.

ಗದ್ದೆಬದು:
ನೀರಗಂಟಿ ಮನೆತನ ಇದೆ ಅಣ್ಣಾ. ಅಜ್ಜ ಇನ್ನೂ ಗಟ್ಟಿ ಇದ್ದಾರೆ. ಅವರು ಹೇಳುವ ಪ್ರಕಾರ ಕೆರೆ ನಿಲ್ಲಲೇ ಇಲ್ಲವಂತೆ, ಒಬ್ಬ ಸೊಸೆಯನ್ನು ಬಲಿ ಕೊಟ್ಟ ಮೇಲೆ ನಿಂತಿತಂತೆ. ಏರಿ ಮೇಲೆ ಒಂದು ಸಣ್ಣ ಗುಡಿ ಇದೆ, ಕೋಡಿ ಬಿದ್ದಾಗ ಅಲ್ಲಿಗೇ ಬಾಗಿನ. ಇದನ್ನು ಇತಿಹಾಸ ಅಂತ ಹಾಕಬಹುದಾ?

ಹಳೇಮೇಷ್ಟ್ರು:
"ಊರವರು ಹೀಗೆ ಹೇಳುತ್ತಾರೆ" ಅಂತ ಹಾಕು. ಈ ಕಥೆ ಕರ್ನಾಟಕದ ತುಂಬಾ ಇದೆ, ದೊಡ್ಡ ಕೆರೆ ಇದ್ದಲ್ಲೆಲ್ಲ ಒಬ್ಬ ಸೊಸೆ ಇದ್ದೇ ಇರುತ್ತಾಳೆ. ನಿನ್ನೂರಲ್ಲಿ ಹಾಗೇ ನಡೆಯಿತು ಅನ್ನುವುದಕ್ಕೆ ಸಾಕ್ಷಿ ಬೇಕು. ಆದರೆ ಗುಡಿ ಇರುವುದು, ಬಾಗಿನ ಕೊಡುವುದು ನಿಜ ತಾನೇ? ಅದನ್ನು ಯಾವ ಅಳುಕೂ ಇಲ್ಲದೆ ಬರೆಯಬಹುದು.

ಕೆರೆ ಬಗ್ಗೆ ಹಳೇ ಕಲ್ಲು ಸಿಕ್ಕರೆ ಕೆಲವು ಮಾತುಗಳನ್ನು ಗಮನಿಸು. ಬಿತ್ತುವಟ್ಟ ಅಂತ ಬಂದರೆ ಕೆರೆ ಕೆಲಸಕ್ಕಾಗಿ ಬಿಟ್ಟುಕೊಟ್ಟ ಭೂಮಿ. ಕಟ್ಟುಗೊಡಗೆ ಅಂದರೆ ಕೆರೆ ಕಟ್ಟಿದವನಿಗೋ ದುರಸ್ತಿ ಮಾಡಿದವನಿಗೋ ಕೊಟ್ಟ ಜಮೀನು. ನಿಮ್ಮ ಪಹಣಿಯಲ್ಲೋ ಹಿರಿಯರ ಬಾಯಲ್ಲೋ ಕೊಡಗಿ ಎಂಬ ಹೆಸರು ಅಂಟಿಕೊಂಡ ಗದ್ದೆ ಇದ್ದರೆ ಅದನ್ನು ಗುರುತು ಹಾಕಿಕೋ.

ಚೈನುಹಿಡಿದವ:
ಪಹಣಿ ಮಾತು ಬಂತು, ಸುಮ್ನೆ ಇರುವುದಕ್ಕೆ ಆಗಲಿಲ್ಲ. ಸರ್ವೆ ಕೆಲಸದಲ್ಲಿ ಸವೆದ ಮನುಷ್ಯ ನಾನು. ಫಲಕ ಬರೆಯುವ ಮೊದಲು ಊರಿನ ಗ್ರಾಮ ನಕಾಶೆ ತೆಗೆಸಿ. ಭೂಮಾಪನ ಇಲಾಖೆಯ ಜಾಲತಾಣದಲ್ಲೇ ಸಿಗುತ್ತದೆ. ಎಂಟು ಇಂಚಿಗೆ ಒಂದು ಮೈಲಿ ಅಳತೆಯ ನಕಾಶೆ ಅದು. ಸರ್ವೆ ನಂಬರ್, ಹಳ್ಳ, ಬಂಡಿದಾರಿ, ಕೆರೆ, ಗುಡಿ ಎಲ್ಲ ತೋರಿಸಿರುತ್ತಾರೆ. ಮೈಸೂರು ಸೀಮೆಯಲ್ಲಿ ಈ ಸರ್ವೆ 1863ರಲ್ಲಿ ಶುರುವಾಯಿತು. ಅಂದರೆ ನಿಮ್ಮ ಅಜ್ಜನ ಅಜ್ಜ ನಡೆದ ದಾರಿ ಅದರಲ್ಲಿ ಚುಕ್ಕಿ ಗೆರೆಯಾಗಿ ಇರಬಹುದು.

ಆ ಚುಕ್ಕಿ ಗೆರೆಗಳೇ ಮುಖ್ಯ. ಈಗಿನ ಡಾಂಬರು ರಸ್ತೆ ಹೋಗುವ ಕಡೆಗೂ ಹಳೇ ಬಂಡಿದಾರಿ ಹೋಗುತ್ತಿದ್ದ ಕಡೆಗೂ ಸಂಬಂಧವೇ ಇರುವುದಿಲ್ಲ. ನಿಮ್ಮ ವೀರಗಲ್ಲು ಗದ್ದೆ ಬದುವಿನಲ್ಲಿ ಒಂಟಿಯಾಗಿ ನಿಂತಿದೆ ಅಂದಿರಲ್ಲ, ನಕಾಶೆ ಮೇಲೆ ಆ ಜಾಗ ಹುಡುಕಿ. ಹಳೇ ದಾರಿ ಅದರ ಪಕ್ಕದಲ್ಲೇ ಹಾದು ಹೋಗಿರುವ ಸಾಧ್ಯತೆ ತುಂಬಾ ಇದೆ.

ಹಾಳೂರಿನ ವಿಷಯಕ್ಕೂ ಉತ್ತರ ಅಲ್ಲೇ ಇದೆ. ಅದು ಬೇಚರಾಕ್, ಅಂದರೆ ಜನವಸತಿ ಇಲ್ಲದ, ಗ್ರಾಮ ಆಗಿದ್ದರೆ ಅದಕ್ಕೆ ಬೇರೆಯೇ ಹೆಸರು, ಬೇರೆಯೇ ನಕಾಶೆ, ಒಂದರಿಂದ ಶುರುವಾಗುವ ಬೇರೆಯೇ ಸರ್ವೆ ನಂಬರ್ ಇರುತ್ತದೆ. ಮನೆ ಇಲ್ಲ, ದೀಪ ಇಲ್ಲ, ಆದರೆ ಕಂದಾಯ ಲೆಕ್ಕದಲ್ಲಿ ಊರು ಜೀವಂತ. ಮೊಬೈಲಿನಲ್ಲಿ ದಿಶಾಂಕ್ ಆಪ್ ಹಾಕಿಕೊಂಡು ದಿಬ್ಬದ ಮೇಲೆ ನಿಂತು ನೋಡಿ. ಗ್ರಾಮದ ಹೆಸರು ನಿಮ್ಮೂರಿನದೇ ತೋರಿಸುತ್ತದಾ, ಬೇರೆ ತೋರಿಸುತ್ತದಾ?

ಗದ್ದೆಬದು:
ಈಗಷ್ಟೇ ಹೋಗಿ ಬಂದೆ ಸರ್. ಬೇರೆ ಹೆಸರು ತೋರಿಸಿತು! ನಾನು ಹುಟ್ಟಿದಾಗಿನಿಂದ ಓಡಾಡಿದ ಜಾಗ, ಆ ಹೆಸರು ಕೇಳಿಯೇ ಇರಲಿಲ್ಲ. ಮನೆಗೆ ಬಂದು ಅಮ್ಮನನ್ನು ಕೇಳಿದೆ. "ಹೌದಲ್ವಾ, ನಮ್ಮ ಪಹಣಿಯಲ್ಲೂ ಆ ಹೆಸರೇ ಇದೆ, ಎರಡೆಕರೆ ಅಲ್ಲೇ ಬರೋದು" ಅಂದರು. ಅವರಿಗೆ ಗೊತ್ತಿತ್ತು, ಕೇಳಿದವರು ಯಾರೂ ಇರಲಿಲ್ಲ ಅಷ್ಟೇ.

ಜನ ಯಾಕೆ ಬಿಟ್ಟು ಹೋದರು?

ಹಳೇಮೇಷ್ಟ್ರು:
ಒಂದೇ ಕಾರಣ ಹುಡುಕಬೇಡ. ಮಲೆನಾಡಿನ ಅಂಚಿನಲ್ಲಿ ಮಲೇರಿಯಾ ಊರೂರನ್ನೇ ನುಂಗಿದೆ. 1876ರಿಂದ 78ರವರೆಗಿನ ಬರ ಇಡೀ ಮೈಸೂರು ಸಂಸ್ಥಾನವನ್ನು ಅಲ್ಲಾಡಿಸಿತು. 1898ರಲ್ಲಿ ಪ್ಲೇಗ್ ಬಂತು. ಆಗ ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಕೆಲವರು ವಾಪಸ್ ಬಂದರು, ಕೆಲವರು ಬರಲಿಲ್ಲ. ಇನ್ನು ಕೆಲವು ಊರು ಕೆರೆ ಒಡೆದು ಗದ್ದೆ ಹೋದ ಮೇಲೆ ಖಾಲಿಯಾದವು. ನಿಮ್ಮ ಹಾಳೂರು ಯಾವುದರಿಂದ ಅನ್ನುವುದನ್ನು ಹೇಳಬೇಕಾದವರು ಅಲ್ಲಿಂದ ಬಂದು ನಿಮ್ಮೂರಲ್ಲಿ ನೆಲೆಸಿದ ಮನೆಯವರು. ಯಾವ ಮನೆಯವರು ಹಬ್ಬದ ದಿನ ಆ ದಿಬ್ಬಕ್ಕೆ ಹೋಗಿ ಕಾಯಿ ಒಡೆಯುತ್ತಾರೆ ನೋಡು.

ಪೇಟೆವಾಸಿ:
ನಾನು ಅದೇ ಕಡೆಯವನು, ಈಗ ಬೆಂಗಳೂರು. ಒಂದು ಸಲಹೆ. ವೀರಗಲ್ಲು ಗದ್ದೆಯಲ್ಲಿ ಬಿದ್ದಿರುವುದು ಸರಿಯಲ್ಲ. ನಾಲ್ಕು ಜನ ಸೇರಿ ಎತ್ತಿ ದೇವಸ್ಥಾನದ ಮುಂದೆ ನಿಲ್ಲಿಸಿ, ಒಂದು ಕಟ್ಟೆ ಕಟ್ಟಿಸಿ. ಕಟ್ಟೆಗೆ ಸಿಮೆಂಟಿನ ಖರ್ಚು ನನ್ನದು. ಅಕ್ಷರಕ್ಕೆ ಬಿಳಿ ಬಣ್ಣ ತುಂಬಿಸಿದರೆ ಓದುವುದಕ್ಕೂ ಸುಲಭ.

ಕಾನುಸೀಮೆ:
ದಯವಿಟ್ಟು ಬೇಡ ಅಣ್ಣಾ. ನಿಮ್ಮ ಮನಸ್ಸು ಒಳ್ಳೆಯದು, ಆದರೆ ಬಣ್ಣ ಮಾತ್ರ ಬೇಡವೇ ಬೇಡ. ನಾನು ಸೊರಬದವಳು, ಶಾಸನ ಓದುವವರ ಜೊತೆ ಓಡಾಡುತ್ತೇನೆ. ಬಣ್ಣ ಹಚ್ಚುವವನು ತನಗೆ ಕಂಡ ಹಾಗೆ ಅಕ್ಷರ ತಿದ್ದುತ್ತಾನೆ. ಆಮೇಲೆ ಬಂದವರು ಕಲ್ಲನ್ನು ಓದುವುದಿಲ್ಲ, ಅವನ ಬಣ್ಣವನ್ನು ಓದುತ್ತಾರೆ. ಎಣ್ಣೆ, ಸುಣ್ಣ, ಸೀಮೆಸುಣ್ಣ ಕೂಡ ಬೇಡ. ಉಳಿಯಲ್ಲಿ ಕೆರೆಯುವುದಂತೂ ಕೇಳಲೇಬೇಡಿ.

ಕಲ್ಲು ಎತ್ತುವುದಕ್ಕೂ ನನ್ನ ವಿರೋಧ ಇದೆ. ತುರು, ಅಂದರೆ ದನ, ಕಾಯಲು ಹೋಗಿ ಸತ್ತವನ ಕಲ್ಲು ಹಳೇ ದಾರಿಯಲ್ಲಿ, ಊರ ಬಾಗಿಲಲ್ಲಿ, ಇಲ್ಲವೇ ಅವನು ಬಿದ್ದ ಜಾಗದ ಹತ್ತಿರ ನಿಂತಿರಬಹುದು. ಜಾಗ ತಪ್ಪಿಸಿದರೆ ಅರ್ಧ ಕಥೆ ಹೋಯಿತು.

ಅದನ್ನು ಓದಬೇಕು ಅಂದ್ರೆ ಬೆಳಗ್ಗೆ ಬೇಗ, ಇಲ್ಲವೇ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಹೋಗಿ. ಬರೀ ನೀರು, ಮೆತ್ತನೆ ಬ್ರಷ್, ಅಷ್ಟು ಸಾಕು. ಬಿಸಿಲು ಇಲ್ಲದಿದ್ದರೆ ಕತ್ತಲಾದ ಮೇಲೆ ಟಾರ್ಚ್ ಅನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ಫೋಟೋ ತೆಗೆಯಿರಿ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಏನೂ ಕಾಣುವುದಿಲ್ಲ.

ಪೇಟೆವಾಸಿ:
ಬಣ್ಣದ ಮಾತು ಒಪ್ಪಿದೆ ಅಕ್ಕಾ. ಆದರೆ ಗದ್ದೆಯಲ್ಲೇ ಬಿಟ್ಟರೆ ಟ್ರ್ಯಾಕ್ಟರ್ ಹೊಡೆದು ಮುರಿಯುತ್ತದೆ. ನಮ್ಮ ಮಾವನ ಊರಲ್ಲಿ ಹಾಗೇ ಆಯಿತು, ಎರಡು ತುಂಡಾಗಿ ಕಾಲುವೆಗೆ ಸೇತುವೆ ಆಗಿದೆ. ಜಾಗ ಉಳಿಸಿ ಕಲ್ಲು ಕಳೆದುಕೊಳ್ಳುವುದಾ?

ಕಾನುಸೀಮೆ:
ಅದೂ ನಿಜ. ಅಪಾಯ ಇದ್ದರೆ ಎತ್ತಬೇಕಾಗುತ್ತದೆ. ಆದರೆ ಎತ್ತುವ ಮೊದಲು ಮೂರು ಕೆಲಸ ಮಾಡಿಸಿಬಿಡಿ. ಸರ್ವೆ ನಂಬರ್ ಬರೆದುಕೊಳ್ಳಿ, ಮುಖ ಯಾವ ದಿಕ್ಕಿಗಿತ್ತು ಅಂತ ಫೋಟೋ ಇಡಿ, ಜಿಲ್ಲೆಯ ಪುರಾತತ್ವ ಕಚೇರಿಗೆ ಒಂದು ಅರ್ಜಿ ಕೊಡಿ. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯಲ್ಲಿ ಸರ್ಕಾರಿ ಸಂಗ್ರಹಾಲಯ ಇದೆ, ಅದರ ಅಂಗಳದಲ್ಲಿ ಎಷ್ಟೊಂದು ಕಲ್ಲು ನಿಂತಿವೆ. ನೋಡಲು ಚೆಂದ. ಆದರೆ ಅದು ಯಾವ ಬದುವಿನಲ್ಲಿತ್ತು ಅಂತ ಆ ಊರವರಿಗೇ ಈಗ ಗೊತ್ತಿಲ್ಲ ಅಂದರೆ ಬೇಜಾರಾಗುತ್ತದೆ.

ಸದ್ಯಕ್ಕೆ ಸುತ್ತ ನಾಲ್ಕು ಗೂಟ ಹೊಡೆದು ಗದ್ದೆಯವರಿಗೆ ಒಂದು ಮಾತು ಹೇಳಿದರೆ ಟ್ರ್ಯಾಕ್ಟರ್ ದೂರ ಹೋಗುತ್ತದೆ. ಅಷ್ಟಕ್ಕೆ ಸಿಮೆಂಟು ಬೇಕಾಗಿಲ್ಲ ಅಲ್ವಾ?

ಗದ್ದೆಬದು:
ನಿನ್ನೆ ಸಂಜೆ ಹೋಗಿದ್ದೆ. ಗದ್ದೆಯವರು ಒಪ್ಪಿ ಬುಡದ ಮಣ್ಣು ಸ್ವಲ್ಪ ಸರಿಸಲು ಬಿಟ್ಟರು. ಕಂಡದ್ದನ್ನು ಬರೆಯುತ್ತೇನೆ.

ಕಲ್ಲು ನನ್ನ ಎದೆ ಮಟ್ಟಕ್ಕೆ ಬರುತ್ತದೆ. ಮೂರು ಅಂತಸ್ತು. ಕೆಳಗೆ ಎಡಗಡೆ ದನಗಳ ಸಾಲು, ಒಂದರ ಹಿಂದೆ ಒಂದು, ಕೊಂಬು ಮಾತ್ರ ಸ್ಪಷ್ಟ. ಅವುಗಳ ಮುಂದೆ ಬಿಲ್ಲು ಹಿಡಿದ ಒಬ್ಬ, ಕೂದಲನ್ನು ಹಿಂದಕ್ಕೆ ಗಂಟು ಕಟ್ಟಿದ್ದಾನೆ. ಎದುರಿನಿಂದ ಇಬ್ಬರು ಬರುತ್ತಿದ್ದಾರೆ. ಅವನ ಎದೆಗೆ ಬಾಣ ನಾಟಿದೆ, ಬೆರಳಿಟ್ಟರೆ ಬಾಣದ ಗೆರೆ ಸಿಗುತ್ತದೆ. ಕಾಲ ಕೆಳಗೆ ಒಬ್ಬ ಮಲಗಿದ ಹಾಗೆ ಇದ್ದಾನೆ, ಸತ್ತವನೋ ಏನೋ. ನಡುವಿನ ಅಂತಸ್ತಿನಲ್ಲಿ ಇಬ್ಬರು ಹೆಂಗಸರು ನಡುವೆ ಒಬ್ಬನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗ, ಒಂದು ಕಡೆ ಪೂಜಾರಿ, ಇನ್ನೊಂದು ಕಡೆ ಕೈ ಮುಗಿದು ಕೂತ ಅವನೇ. ತುದಿಯಲ್ಲಿ ಸೂರ್ಯ, ಚಂದ್ರ. ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಅಕ್ಷರ ಇದೆ! ಎರಡು ಪಟ್ಟಿ, ಒಂದು ತುಂಬಾ ಸವೆದಿದೆ.

ಕಾನುಸೀಮೆ:
ಅಬ್ಬಾ, ಒಳ್ಳೆ ಕಲ್ಲು. ಇದು ತುರುಗೋಳಿನ ವೀರಗಲ್ಲು. ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತಿದ್ದಾನೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವುದು, ಮೇಲೆ ಕೈಲಾಸ. ಮೇಲೆ ಲಿಂಗದ ಬದಲು ಜಿನ ಕೂತಿದ್ದರೆ ಅವನು ಜೈನ ಅಂತ ಹೇಳಬಹುದಿತ್ತು, ನಮ್ಮ ಸೀಮೆಯಲ್ಲಿ ಅಂಥವೂ ಇವೆ.

ಅಕ್ಷರ ಓದುವಾಗ "ತುಱು", "ಸುರಲೋಕ" ಎಂಬ ಮಾತು ಹುಡುಕಿ. ತುರುವನ್ನು ಮರಳಿಸಿ ಸುರಲೋಕಪ್ರಾಪ್ತನಾದ ಅಂತ ಸಾಮಾನ್ಯವಾಗಿ ಬರುತ್ತದೆ. "ಜಿತೇನ ಲಭ್ಯತೇ ಲಕ್ಷ್ಮೀ" ಎಂದು ಶುರುವಾಗುವ ಶ್ಲೋಕವೂ ತುಂಬಾ ಕಡೆ ಇದೆ. ಗೆದ್ದರೆ ಲಕ್ಷ್ಮಿ, ಸತ್ತರೆ ಸುರಾಂಗನೆ, ಇನ್ನು ಹೆದರಿಕೆ ಯಾಕೆ ಅನ್ನುವ ಧಾಟಿ. ಸತ್ತವನ ಮನೆಯವರಿಗೆ ಭೂಮಿ ಕೊಟ್ಟಿದ್ದರೆ ನೆತ್ತರುಗೊಡಗೆ ಅಂತಲೂ ಇರಬಹುದು. ಹಾಗಿದ್ದರೆ ಆ ಗದ್ದೆ ಎಲ್ಲಿ ಅಂತ ಹುಡುಕುವ ಕೆಲಸ ಚೈನುಹಿಡಿದವ ಸರ್ ಅವರದ್ದು.

ಅದಕ್ಕೂ ಮೊದಲು ಶಾಸನಗಳನ್ನು ಸೇರಿಸಿ ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟ ನೋಡಿ. ಬಿ. ಎಲ್. ರೈಸ್ ಶಿಕಾರಿಪುರ ತಾಲೂಕಿನ ಶಾಸನಗಳನ್ನು ಅದರಲ್ಲೇ ಹಾಕಿದ್ದಾರೆ, 1902ರಲ್ಲಿ ಬಂತು. ತಾಳಗುಂದದ ಕಂಬ ಅದರಲ್ಲಿ ಶಿಕಾರಿಪುರ 176. ಪುಸ್ತಕ ಇಂಟರ್ನೆಟ್‌ನಲ್ಲೇ ಸಿಗುತ್ತದೆ. ಕನ್ನಡ ಪಾಠದ ತಲೆಯಲ್ಲಿ "ಅದೇ ಗ್ರಾಮದ ಕೆರೆ ಏರಿ ಮೇಲೆ ನೆಟ್ಟ ಕಲ್ಲು" ಅನ್ನುವ ಹಾಗೆ ಜಾಗ ಹೇಳಿ, ಕಲ್ಲಿನ ಅಳತೆಯನ್ನೂ ಕೊಡುತ್ತಾರೆ. ನೂರಿಪ್ಪತ್ತು ವರ್ಷದ ಹಿಂದೆ ಆ ಕಲ್ಲು ಎಲ್ಲಿತ್ತು ಅಂತ ಗೊತ್ತಾಗುತ್ತದೆ. ನಿಮ್ಮೂರ ಹೆಸರಲ್ಲಿ ಸಿಗದಿದ್ದರೆ ಹಾಳೂರಿನ ಹೆಸರಲ್ಲಿ ಹುಡುಕಿ. ಇದನ್ನು ಮರೆಯಬೇಡಿ.

ಏರಿಮೇಲೆ:
ಹಾಳೂರಿನ ಹೆಸರಲ್ಲಿ ಹುಡುಕಿ ಅಂದಿದ್ದು ಬಹಳ ಸರಿ. ನನಗೆ ಯಾಕೋ ಆ ಕೆರೆಯೇ ಹಾಳೂರಿನದ್ದು ಅನ್ನಿಸುತ್ತಿದೆ. ಮುಚ್ಚಿದ ತೂಬಿನ ನೀರು ಯಾವ ಕಡೆಗೆ ಹೋಗಬೇಕಿತ್ತು?

ಗದ್ದೆಬದು:
ಪಡುವಣಕ್ಕೆ. ದಿಬ್ಬದ ಕೆಳಗಿನ ಗದ್ದೆಗಳಿಗೆ.

ಏರಿಮೇಲೆ:
ನೋಡಿದ್ರಾ! ಹಾಳೂರಿನ ಗದ್ದೆಗೆ ಹೋಗುವ ತೂಬು ಅದು. ಊರು ಖಾಲಿಯಾಯಿತು, ತೂಬು ಕೇಳುವವರಿಲ್ಲದೆ ಮುಚ್ಚಿತು. ಇದು ಊಹೆ, ಫಲಕಕ್ಕೆ ಈಗಲೇ ಹಾಕಬೇಡಿ. ನೀರಗಂಟಿ ಅಜ್ಜನನ್ನು ನೇರ ಕೇಳಿ, "ಆ ತೂಬು ಯಾವಾಗ ನಿಂತಿತು" ಅಂತ ಅಷ್ಟೇ. ಬಾಯಿಗೆ ಉತ್ತರ ಹಾಕಿ ಕೇಳಬೇಡಿ.

ಕೋಡಿ ನೀರು ಎಲ್ಲಿಗೆ ಹೋಗುತ್ತದೆ ಅಂತಲೂ ಬರೆಯಿರಿ. ಶಿರಾಳಕೊಪ್ಪದ ಸುತ್ತ ಇದು ಮಜಾ ಇದೆ. ಒಂದು ಊರಿನ ನೀರು ವರದೆ ಕಡೆಗೆ, ಇನ್ನೊಂದರದ್ದು ಕುಮುದ್ವತಿ ಕಡೆಗೆ. ಕುಮುದ್ವತಿ ಅಂಜನಾಪುರ, ಶಿಕಾರಿಪುರ ದಾಟಿ ಮದಗದ ಕೆರೆ ಕಡೆಯಿಂದ ಹೋಗುತ್ತದೆ. ವರದೆ ಬನವಾಸಿ ಮುಟ್ಟಿ ಗಳಗನಾಥದಲ್ಲಿ ತುಂಗಭದ್ರೆ ಸೇರುತ್ತದೆ. ಕೊನೆಗೆ ಎಲ್ಲ ತುಂಗಭದ್ರೆಯೇ. ಆದರೆ ನಿಮ್ಮ ಕೋಡಿ ಹಳ್ಳ ಯಾವ ಊರಿನ ಕೆರೆ ತುಂಬಿಸುತ್ತದೆ, ನಿಮ್ಮ ಕೆರೆ ಯಾರ ಕೋಡಿಯಿಂದ ತುಂಬುತ್ತದೆ, ಈ ಸರಪಳಿ ಗೊತ್ತಾದರೆ ನಿಮ್ಮೂರಿಗೆ ಹಳೇ ನಂಟು ಯಾವ ಊರಿನ ಜೊತೆ ಅಂತ ತಿಳಿಯುತ್ತದೆ. ಹಳೇ ಜಗಳಗಳೂ ಅದೇ ಸಾಲಿನಲ್ಲಿ ಇರುತ್ತವೆ.

ಚೈನುಹಿಡಿದವ:
ಗಡಿ ಬಗ್ಗೆ ಯಾರೂ ಮಾತಾಡಲಿಲ್ಲ. ಮೂರು ಊರಿನ ಎಲ್ಲೆ ಕೂಡುವ ಜಾಗದಲ್ಲಿ ಒಂದು ಕಲ್ಲು ಇದ್ದೇ ಇರಬೇಕು. ಸರ್ವೆಯವರು ನೆಟ್ಟ ಕಲ್ಲು ಸಣ್ಣದು, ಒರಟು. ಅದರ ಪಕ್ಕ ಕೆತ್ತನೆ ಇರುವ ಹಳೇ ಕಲ್ಲು ಸಿಕ್ಕರೆ ನಿಮ್ಮ ಅದೃಷ್ಟ. ಲಿಂಗ ಕೆತ್ತಿದ್ದರೆ ಶಿವನ ಗುಡಿಯ ದತ್ತಿ ಭೂಮಿಯ ಎಲ್ಲೆ. ಕೊಡೆ ಹಿಡಿದ ವಾಮನ ಇದ್ದರೆ ಬ್ರಾಹ್ಮಣರಿಗೆ ಕೊಟ್ಟ ಭೂಮಿ. ಒಂದರ ಮೇಲೊಂದು ಮೂರು ಕೊಡೆಯ ಮುಕ್ಕೊಡೆ ಇದ್ದರೆ ಜೈನ ಬಸದಿಯದ್ದು. ಜನ ಇವುಗಳಿಗೆ ಕುಂಕುಮ ಹಚ್ಚಿ ದೇವರು ಮಾಡಿಕೊಂಡಿರುತ್ತಾರೆ, ಹಾಗಾಗಿ ಗಡಿ ಕಲ್ಲು ಅಂತ ಕೇಳಿದರೆ ಯಾರೂ ತೋರಿಸುವುದಿಲ್ಲ.

ಕಾನುಸೀಮೆ:
ಗಡಿ ಹುಡುಕುವುದಕ್ಕೆ ಇನ್ನೊಂದು ದಾರಿ ಇದೆ. ನಿಮ್ಮಲ್ಲಿ ಮಾರಿ ಜಾತ್ರೆ ಮಾಡುತ್ತಾರಲ್ಲ, ಕೊನೆಯ ದಿನ ಮಾರಿಯನ್ನು ಎಲ್ಲಿಯವರೆಗೆ ಕಳಿಸಿ ಬರುತ್ತಾರೆ? ಆ ಜಾಗವನ್ನು ನಕಾಶೆಯಲ್ಲಿ ಗುರುತು ಹಾಕಿ. ಈಗಿನ ಕಂದಾಯ ಗಡಿಗೆ ಅದು ಕೂಡಿ ಬರದಿದ್ದರೆ ಇನ್ನೂ ಒಳ್ಳೆಯದು. ಸರ್ವೆಗಿಂತ ಹಳೇ ಗಡಿ ಅದಾಗಿರಬಹುದು. ಚೌಡಿ ಬನ, ಭೂತಪ್ಪನ ಕಲ್ಲು ಇವೆಲ್ಲ ಊರಂಚಿನಲ್ಲೇ ಯಾಕೆ ಇರುತ್ತವೆ ಅಂತ ಯೋಚನೆ ಮಾಡಿ.

ಬನದ ಮರಗಳನ್ನೂ ಬರೆದಿಡಿ. ನಮ್ಮ ಸೊರಬದ ಕಾನುಗಳ, ಅಂದರೆ ಊರವರು ಕಾಪಾಡಿಕೊಂಡು ಬಂದ ದಟ್ಟ ಕಾಡುಗಳ ಬಗ್ಗೆ ಬ್ರಿಟಿಷರ ಕಾಲದಲ್ಲೇ ವರದಿ ಆಗಿದೆ, 1868ರಲ್ಲಿ ಅರಣ್ಯಾಧಿಕಾರಿ ಬ್ರಾಂಡಿಸ್ ಬಂದು ನೋಡಿ ಬರೆದಿದ್ದಾರೆ. ಕೆಲವು ಕಾನು ಈಗ ಅಕೇಶಿಯಾ ನೆಡುತೋಪು. ಹೆಸರು ಮಾತ್ರ ಕಾನು ಅಂತ ಉಳಿದಿದೆ.

ಪೇಟೆವಾಸಿ:
ಇಷ್ಟೆಲ್ಲ ಓದಿ ನನಗೊಂದು ಅನುಮಾನ. ತುರು, ಕೆರೆ, ಕಾಳಗ, ಎಲ್ಲ ಗಂಡಸರ ಕಥೆ. ಹೆಂಗಸರು ಬಲಿಯಾಗುವುದಕ್ಕೆ ಮಾತ್ರಾನಾ? ನನ್ನ ಮಗಳು ಕೇಳಿದಳು, ಉತ್ತರ ಹೊಳೆಯಲಿಲ್ಲ.

ಹಳೇಮೇಷ್ಟ್ರು:
ಮಗಳಿಗೆ ಜಕ್ಕಿಯಬ್ಬೆಯ ಕಥೆ ಹೇಳಿ. ಇದೇ ತಾಲೂಕಿನ ಬಂದಳಿಕೆ. 10ನೇ ಶತಮಾನದ ಆರಂಭ, ರಾಷ್ಟ್ರಕೂಟರ ಕಾಲ. ನಾಗರಖಂಡವನ್ನು ನೋಡಿಕೊಳ್ಳುತ್ತಿದ್ದ ಗಂಡ ಸತ್ತ. ಅಧಿಕಾರ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಆಕೆ ಆ ನಾಡನ್ನು ಚೆನ್ನಾಗಿ ಆಳಿದಳು ಅಂತ ಕಲ್ಲೇ ಹೇಳುತ್ತದೆ. ಕಾಯಿಲೆ ಬಿದ್ದಾಗ ಮಗಳಿಗೆ ವಹಿಸಿಕೊಟ್ಟು, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ, ಅಂದರೆ ಜೈನರ ಉಪವಾಸ ವ್ರತ, ಮಾಡಿ ಪ್ರಾಣ ಬಿಟ್ಟಳು. ತಾಯಿಯಿಂದ ಮಗಳಿಗೆ ಅಧಿಕಾರ! ಶಿಕಾರಿಪುರದ ಎಷ್ಟು ಮಕ್ಕಳಿಗೆ ಇದು ಗೊತ್ತು?

ಗದ್ದೆಬದು, ನಿಮ್ಮೂರಲ್ಲೂ ಮಾಸ್ತಿಕಲ್ಲು, ಅಂದರೆ ಸತಿ ಹೋದವಳ ನೆನಪಿನ ಕಲ್ಲು, ಇದ್ದರೆ ನೋಡು. ಕಂಬದಿಂದ ಹೊರಟ ಹಾಗೆ ಒಂದು ಕೈ, ಬಳೆ, ಹಿಡಿಯಲ್ಲಿ ನಿಂಬೆಹಣ್ಣು. ಅದೂ ಇತಿಹಾಸವೇ. ಫಲಕದಲ್ಲಿ ಹೊಗಳಬೇಕಾಗಿಲ್ಲ, ಇದೆ ಅಂತ ಹೇಳಿದರೆ ಸಾಕು.

ತಾಳಗುಂದದ ಬಗ್ಗೆ ಇನ್ನೊಂದು ಮಾತು, ನನ್ನ ವೃತ್ತಿಯ ಅಭಿಮಾನ ಅಂದುಕೊಳ್ಳಿ. ಅಲ್ಲಿನ 12ನೇ ಶತಮಾನದ ಶಾಸನವೊಂದರಲ್ಲಿ ವೇದ, ವ್ಯಾಕರಣ ಕಲಿಸುವವರ ಜೊತೆಗೆ ಕನ್ನಡ ಕಲಿಸುವವರಿಗೂ ದತ್ತಿ ಬಿಟ್ಟಿದ್ದಾರೆ. ಓದುವ ಹುಡುಗರಿಗೆ ಊಟದ ವ್ಯವಸ್ಥೆಯೂ ಇತ್ತು. ಬಿಸಿಯೂಟ ಇವತ್ತಿನದು ಅಂತ ಯಾರಾದರೂ ಅಂದರೆ ನನಗೆ ನಗು ಬರುತ್ತದೆ.

ಏರಿಮೇಲೆ:
ಮೇಷ್ಟ್ರೇ, ಅಲ್ಲಿ ಸಿಂಹ ಇರುವ ಕಟಾಂಜನ ಸಿಕ್ಕಿತಲ್ಲ, ಅದರ ಸುದ್ದಿ ಹೇಳಿ.

ಹಳೇಮೇಷ್ಟ್ರು:
ಹೌದು. 2013ರಲ್ಲಿ ಭಾರತೀಯ ಪುರಾತತ್ವ ಇಲಾಖೆ ಪ್ರಣವೇಶ್ವರ ಗುಡಿಯ ಹತ್ತಿರ ಅಗೆದಾಗ ಸಿಕ್ಕಿದ್ದು. ಮೆಟ್ಟಿಲ ಪಕ್ಕದ ಕಟಾಂಜನದ ಮೇಲೆ ಕನ್ನಡ ಇರುವ ಬರಹ. ಇಲಾಖೆ ಅದನ್ನು ಕ್ರಿ.ಶ. 370ರದ್ದು ಎನ್ನುತ್ತದೆ. ಹಾಗಿದ್ದರೆ ಹಲ್ಮಿಡಿಗಿಂತ ಹಳೆಯದು. ಹಲ್ಮಿಡಿಯದ್ದನ್ನು ಸಾಮಾನ್ಯವಾಗಿ 450ರ ಸುಮಾರು ಅಂತ ಹೇಳುತ್ತೇವೆ. ಹಲ್ಮಿಡಿಯೂ ಬೇಲೂರು ತಾಲೂಕಿನ ಒಂದು ಪುಟ್ಟ ಹಳ್ಳಿಯೇ. 1936ರಲ್ಲಿ ಎಂ. ಎಚ್. ಕೃಷ್ಣ ಆ ಕಲ್ಲನ್ನು ಗುರುತಿಸುವವರೆಗೆ ಆ ಊರಿಗೂ "ಏನೂ ಇರಲಿಲ್ಲ".

ಆದರೆ ಇದನ್ನು ಓದಿ ಯಾರೂ ಹಾರೆ ಹಿಡಿದು ದಿಬ್ಬ ಅಗೆಯಲು ಹೋಗಬೇಡಿ. ನಿಧಿ ಆಸೆಗೆ ಅಗೆದು ಹಾಳಾದ ಗುಡಿಗಳನ್ನು ಎಣಿಸುವುದಕ್ಕೆ ನನ್ನ ಕೈಬೆರಳು ಸಾಲುವುದಿಲ್ಲ. ಮಳೆ ಬಂದ ಮರುದಿನ ದಿಬ್ಬದ ಮೇಲೆ ನಡೆದಾಡು. ಹೆಂಚಿನ ಚೂರು, ಮಡಕೆ ಚೂರು ಎಲ್ಲಿ ದಟ್ಟವಾಗಿವೆ ಅಂತ ಗುರುತು ಹಾಕಿಕೊಂಡು, ಅಲ್ಲೇ ಬಿಟ್ಟು ಬಾ.

ಪಕ್ಕದೂರು:
ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಈಗ ಹೇಳಲೇಬೇಕು. ಗದ್ದೆಬದು ಯಾವ ಊರು ಅಂತ ನನಗೆ ಗೊತ್ತಾಯಿತು, ನಾನು ಆ ದಿಬ್ಬದ ಆಚೆ ಕಡೆಯವನು. ಹಾಳೂರು ನಿಮ್ಮದಲ್ಲ ಸ್ವಾಮಿ, ನಮ್ಮ ಹಿರಿಯರದ್ದು. ನಮ್ಮ ನಾಲ್ಕು ಮನೆಯವರು ಇವತ್ತಿಗೂ ಭೂಮಿ ಹುಣ್ಣಿಮೆಗೆ ಅಲ್ಲಿಗೆ ಹೋಗಿ ಚರಗ ಚೆಲ್ಲುತ್ತೇವೆ. ಅಲ್ಲಿ ಬೇಲಿ ಒಳಗೆ ಊರು ಕಟ್ಟುವಾಗ ನೆಡುವ ಒಂದು ಕರುಗಲ್ಲೂ ಇದೆ, ನಿಮಗೆ ಕಂಡಿರಲಿಕ್ಕಿಲ್ಲ. ನಿಮ್ಮೂರ ಫಲಕದಲ್ಲಿ ಅದನ್ನು ನಿಮ್ಮದು ಅಂತ ಹಾಕಿದರೆ ನಾವು ಬಂದು ಕೇಳುತ್ತೇವೆ!

ಸಿಟ್ಟಿಲ್ಲ, ತಮಾಷೆಗೆ ಹೇಳಿದೆ. ಆದರೆ ಮಾತು ನಿಜ. ನಮ್ಮಜ್ಜಿ ಹೇಳುತ್ತಿದ್ದದ್ದು "ಇಲಿ ಬಿದ್ದವು, ಊರು ಬಿಟ್ಟೆವು" ಅಂತ.

ಹಳೇಮೇಷ್ಟ್ರು:
ಇಲಿ ಬಿದ್ದವು ಅಂದರೆ ಪ್ಲೇಗು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಹೊರಡುತ್ತಿದ್ದರು. ನಾವು ಇಷ್ಟು ದಿನ ಹುಡುಕಿದ್ದಕ್ಕೆ ಅಜ್ಜಿ ನಾಲ್ಕೇ ಮಾತಲ್ಲಿ ಉತ್ತರ ಕೊಟ್ಟಿದ್ದಾರೆ. ಯಾರ ಬಾಯಿಂದ ಕೇಳಿದ್ದು, ಅವರ ಊರು ಯಾವುದು ಅಂತ ಬರೆದಿಟ್ಟುಕೊಳ್ಳಿ.

ಚೈನುಹಿಡಿದವ:
ಕಂದಾಯ ಲೆಕ್ಕದಲ್ಲಿ ಹಾಳೂರು ಇಬ್ಬರದ್ದೂ ಅಲ್ಲ, ಅದು ಬೇರೆಯೇ ಗ್ರಾಮ. ಹಾಗಾಗಿ ಜಗಳಕ್ಕೆ ಜಾಗವೇ ಇಲ್ಲ. ಎರಡೂ ಊರಿನವರು ಒಟ್ಟಿಗೆ ಹೋಗಿ ಮೂರೂ ನಕಾಶೆ ಜೋಡಿಸಿ ನೋಡಿ.

ಗದ್ದೆಬದು:
ಪಕ್ಕದೂರಿನ ಅಣ್ಣಾ, ಬಹಳ ಖುಷಿ ಆಯಿತು. ಫಲಕದಲ್ಲಿ ಹಾಳೂರಿನ ಹೆಸರು ಬೇರೆಯಾಗಿಯೇ ಇರುತ್ತದೆ, ಅಲ್ಲಿಂದ ಎರಡೂ ಊರಿಗೆ ಜನ ಬಂದರು ಅಂತ ಹಾಕೋಣ. ನೀರಗಂಟಿ ಅಜ್ಜನನ್ನೂ ಕೇಳಿದೆ. ತೂಬು ತಮ್ಮ ಅಪ್ಪನ ಕಾಲಕ್ಕೇ ನಿಂತಿತ್ತು ಅಂದರು, ಯಾಕೆ ಅಂತ ಗೊತ್ತಿಲ್ಲವಂತೆ. 7ನೇ ಸಂಪುಟದಲ್ಲಿ ನಮ್ಮೂರ ಹೆಸರಿಲ್ಲ, ಹಾಳೂರಿನದ್ದನ್ನು ಇನ್ನೂ ನೋಡಬೇಕು. ಸಂಘದವನಿಗೆ ಮಯೂರನ ಸೈನ್ಯ ಇಲ್ಲ ಅಂತ ಹೇಳಿದ್ದೇನೆ, ಸ್ವಲ್ಪ ಮುಖ ಊದಿಸಿಕೊಂಡಿದ್ದಾನೆ.

ಭಾನುವಾರ ಬೆಳಗ್ಗೆ ಏಳಕ್ಕೆ ಏರಿ ಮೇಲಿನ ಗುಡಿ ಹತ್ತಿರ ಸೇರೋಣ. ಕಾನುಸೀಮೆ ಅಕ್ಕ ಬರುತ್ತೇನೆ ಅಂದಿದ್ದಾರೆ, ಬಿಸಿಲು ಏರುವ ಮೊದಲು ಕಲ್ಲು ನೋಡಬೇಕಂತೆ. ಪಕ್ಕದೂರಿನವರು ಕರುಗಲ್ಲು ತೋರಿಸಬೇಕು, ಬೇಲಿ ಸವರುವುದಕ್ಕೆ ಕತ್ತಿ ತನ್ನಿ. ನಕಾಶೆ ಪ್ರಿಂಟು ನಾನು ತರುತ್ತೇನೆ.

ಪಕ್ಕದೂರು:
ಕತ್ತಿ ತರುತ್ತೇವೆ. ತಿಂಡಿ ನಿಮ್ಮೂರಿನದ್ದು.